ಕುಬೇರಪ್ಪನ ಕಾರು ನೀರು ಕುಡಿದದ್ದು

ರವಿವಾರ ಬೆಳಿಗ್ಗೆ ಕುಬೇರಪ್ಪ ಬಾಯಿ ಮುಕ್ಕಳಿಸುವ ಮೊದಲೇ ಕಾರಿನ ಬಾನೆಟ್ ಎತ್ತಿದ. ಹಿಂದಿನ ಸಂಜೆ ನೀರಿನ ಡಬ್ಬಿಯನ್ನು ಮೇಲಿನ ಗೆರೆಯವರೆಗೆ ತುಂಬಿಸಿ, ಗಾಡಿಯ ಹೊಟ್ಟೆಯ ಕೆಳಗೆ ಹಳೆಯ ಪೇಪರು ಹಾಸಿ ಮಲಗಿದ್ದ. ಈಗ ನೋಡಿದರೆ ನೀರು ಗೆರೆಗೆ ಸರಿಯಾಗಿ ನಿಂತಿತ್ತು, ಪೇಪರಿನ ಮೇಲೆ ಒಂದು ಹನಿಯ ಕಲೆಯೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸಮಾಧಾನಪಡುತ್ತಿದ್ದರು. ಕುಬೇರಪ್ಪನ ತಲೆ ಇನ್ನಷ್ಟು ಕೆಟ್ಟಿತು. ನಿಂತಾಗ ಒಂದು ಗುಟುಕೂ ಕುಡಿಯದ ಗಾಡಿ ಓಡುವಾಗ ಮಾತ್ರ ಚರಿಗೆಗಟ್ಟಲೆ ಕುಡಿಯುತ್ತದೆಂದರೆ ಅದಕ್ಕೇನರ್ಥ? ಓಡಿಸುವವರಲ್ಲೇ ಐಬು ಇದೆ ಎಂದರ್ಥ. ಹಾಗಂತ ಅವನು ತೀರ್ಮಾನಿಸಿಯಾಗಿತ್ತು. ಕುಬೇರಪ್ಪ ಒಮ್ಮೆ ತೀರ್ಮಾನಿಸಿದನೆಂದರೆ ಬ್ರಹ್ಮ ಬಂದರೂ ಅಲ್ಲಾಡಿಸಲಾಗದು.

ಓಡಿಸುವವಳು ಬೇರೆ ಯಾರೂ ಅಲ್ಲ, ಸೊಸೆ ಅನ್ನಪೂರ್ಣ. ಸಿಂಗಟಾಲೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಬೆಟಗೇರಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಹೋಗುವುದೆಂದರೆ ಮುಂಡರಗಿಯಲ್ಲಿ ಇಳಿದು ಇನ್ನೊಂದು ಬಸ್ಸಿನ ಮರ್ಜಿ ಕಾಯಬೇಕು. ಆ ಬಸ್ಸು ಬಂದರೆ ಬಂತು, ಬರದಿದ್ದರೆ ಕೇಳುವವರಿಲ್ಲ. ಅವಳ ಪಾಡು ನೋಡಲಾರದೆ ಕುಬೇರಪ್ಪನೇ ಹೋದ ವರ್ಷ ಅವಳಿಗೆ ಕಾರು ಕಲಿಸಿದ. ಅವನು ಹುಟ್ಟಿನಿಂದ ನೇಕಾರ. ಮಗ್ಗದಿಂದ ಹೊಟ್ಟೆ ತುಂಬದಾದಾಗ ಅರಿವೆ ಸಾಹುಕಾರರೊಬ್ಬರ ಬಳಿ ಡ್ರೈವರಾಗಿ ಸೇರಿದವನು. ಕಡೆಗೆ ಸಾಹುಕಾರರು ಹೊಸ ಗಾಡಿ ತಂದು, ಈ ಹಳೆಯ ಬಿಳಿ ಕಾರನ್ನು ಅವನಿಗೇ ಬಿಟ್ಟುಕೊಟ್ಟರು. ಊರಾಚೆಯ ಬಯಲಿನಲ್ಲಿ ಮಾವ ಎಡಗಡೆ ಕೂತು ಒದರುವುದು, ಸೊಸೆ ಬಲಗಡೆ ಕೂತು ತಿರುಗಿ ಒದರುವುದು, ಬೆಟಗೇರಿಯ ಅರ್ಧ ಮಂದಿ ನೋಡಿ ನಕ್ಕಿದ್ದರು. "ನಗ್ರಿ ನಗ್ರಿ, ನಿಮ್ಮ ಮನ್ಯಾಗ ಯಾರಿಗೆ ಬರ್ತೈತಿ ಗಾಡಿ?" ಎಂದು ಇವನು ಚಹದಂಗಡಿಯಲ್ಲಿ ಎದೆಯುಬ್ಬಿಸಿ ಕೇಳಿದ್ದ. ಅವಳು ಮೊದಲ ಸಲ ಒಬ್ಬಳೇ ಶಾಲೆಗೆ ಹೋಗಿ ಬಂದ ದಿನ ಪೇಟೆಗೆ ಹೋಗಿ ಪೇಢೆ ತಂದಿದ್ದ.

ಆ ಹೆಮ್ಮೆಯ ಶಿಷ್ಯೆಯ ಮೇಲೇ ಈಗ ಸಂಶಯ. ಮೊನ್ನೆ ಗುರುವಾರ ಡಂಬಳ ದಾಟಿದ ಮೇಲೆ ಬಿಸಿಯ ಮುಳ್ಳು ಸರ್ರನೆ ಮೇಲೇರಿತಂತೆ. ಅವಳು ಗಾಡಿ ಪಕ್ಕಕ್ಕೆ ಹಾಕಿ, ಇಂಜಿನ್ ಆರಿಸಿ, ತಣ್ಣಗಾಗುವವರೆಗೆ ಕಾದು, ನೀರು ಹಾಕಿಕೊಂಡು ಹೋಗಿದ್ದಳು. ಸಂಜೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೇಳಿದ್ದೇ ತಪ್ಪಾಯಿತು ನೋಡಿ. ಮನೆಯಲ್ಲಿ ಅಂದು ಕುಬೇರಪ್ಪನ ಅಕ್ಕ ಫಕ್ಕೀರವ್ವ ಹಿರೇಹಂದಿಗೋಳದಿಂದ ಬಂದು ಕೂತಿದ್ದಳು. ಕುಬೇರಪ್ಪನ ಮಗ, ಅನ್ನಪೂರ್ಣಳ ಗಂಡ ಸುಭಾಸ ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ ಮುಗಿಸಿ ಊಟಕ್ಕೆ ಕೂತಿದ್ದ. ಅವರೆಲ್ಲರ ಮುಂದೆ ಕುಬೇರಪ್ಪ ಬಾಯಿಗೆ ಬಂದದ್ದು ಅಂದುಬಿಟ್ಟ.

"ನನ್ನ ಕೈಯಾಗ ಇಷ್ಟ ವರ್ಷ ಒಂದ ದಿನಾ ಬಿಸಿ ಆಗಲಿಲ್ಲ ಈ ಗಾಡಿ. ಈಕಿ ಕಾಲು ಕಾಲಲ್ಲಕ್ಕಾ, ರುಬ್ಬುಗುಂಡು! ಒಮ್ಮೆ ಎಕ್ಸಿಲೇಟರ್ ಮ್ಯಾಲ ಇಟ್ಲಂದ್ರ ಏಳೂದಿಲ್ಲ."

ಫಕ್ಕೀರವ್ವ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. ಸುಭಾಸ ರೊಟ್ಟಿಯಿಂದ ಮುಖವೆತ್ತಲಿಲ್ಲ. ಅವನು ಹಾಗೇ. ಅಪ್ಪನಿಗೂ ಹೆಂಡತಿಗೂ ನಡುವೆ ಮಾತು ಬಂದರೆ ಅವನ ಕಿವಿಗೆ ಪ್ರೆಸ್ಸಿನ ಸದ್ದು ಮಾತ್ರ ಕೇಳಿಸುತ್ತದೆ. ಅನ್ನಪೂರ್ಣ ಕೈ ಒರೆಸಿಕೊಂಡು ತಣ್ಣನೆಯ ದನಿಯಲ್ಲಿ ಹೇಳಿದಳು.

"ಆತ್ರಿ ಮಾವಾರ. ನಿಮ್ಮ ಗಾಡಿ ನಿಮಗಿರಲಿ. ಮುಂಡರಗಿಯಾಗ ನಮ್ಮ ಶಾಲಿ ಟೀಚರ್ ಒಬ್ಬರ ಖೋಲಿ ಐತಿ, ಕರಿಯಾಕ ಹತ್ತ್ಯಾರ. ಸೋಮವಾರದಿಂದ ನಾ ಅಲ್ಲೇ ಇರ್ತೀನಿ. ಶನಿವಾರಕ್ಕೊಮ್ಮೆ ಬರ್ತೀನಿ."

ಸಿಟ್ಟಿನ ಮಾತು, ನಾಳೆಗೆ ಇಳಿಯುತ್ತದೆ ಎಂದುಕೊಂಡಿದ್ದ ಕುಬೇರಪ್ಪ. ಇಳಿಯಲಿಲ್ಲ. ಶನಿವಾರ ಅವಳು ಅಟ್ಟದಿಂದ ಸೂಟ್‌ಕೇಸು ಇಳಿಸಿದಳು. ಪಡಸಾಲೆಯಲ್ಲಿ ಅದು ಬಾಯಿ ತೆರೆದು ಕೂತದ್ದೇ ತಡ, ಇವನಿಗೆ ಕುಂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾಲು ಸುಟ್ಟ ಬೆಕ್ಕಿನಂತೆ ಕಾರಿನಿಂದ ಪಡಸಾಲೆಗೆ, ಪಡಸಾಲೆಯಿಂದ ಕಾರಿಗೆ ಎಡತಾಕಿದ. ಹೆಂಡತಿ ಚೌಡವ್ವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವನಿಗೆ ಎದುರು ಮಾತಾಡುವವಳೆಂದರೆ ಅನ್ನಪೂರ್ಣ ಒಬ್ಬಳೇ. ಚಹಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಅವನು ಅನ್ನಬೇಕು, ಸಕ್ಕರೆ ಕಾಯಿಲೆಯವರಿಗೆ ಇಷ್ಟು ಕೊಟ್ಟದ್ದೇ ಹೆಚ್ಚು ಎಂದು ಅವಳು ಅನ್ನಬೇಕು, ಆಗಲೇ ಅವನಿಗೆ ಬೆಳಗಾಗುವುದು. ಅವಳು ಹೋದರೆ ಆ ಮನೆಯಲ್ಲಿ ಸುಭಾಸನ ಮೌನ ಉಣ್ಣಬೇಕು ಅಷ್ಟೆ. ಬೇಡ, ಹೋಗಬೇಡ ಎಂದು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನಲಿಕ್ಕೆ ನಾಲಿಗೆ ಏಳಬೇಕಲ್ಲ! ಗಾಡಿಯ ರೋಗ ಪತ್ತೆ ಹಚ್ಚಿಬಿಟ್ಟರೆ ಆ ಮಾತು ಆಡದೆಯೇ ಪಾರಾಗಬಹುದು ಎಂಬುದು ಅವನ ಲೆಕ್ಕ.

ಒಂಬತ್ತರ ಹೊತ್ತಿಗೆ ಮೆಕ್ಯಾನಿಕ್ ಸೋಮೇಶ ಬಂದ. ಪಾಪ, ರಜೆಯ ದಿನ ಮಲಗಿದ್ದವನನ್ನು ಕುಬೇರಪ್ಪ ಫೋನು ಮಾಡಿ ಮಾಡಿ ಎಬ್ಬಿಸಿದ್ದ. ಸೋಮೇಶ ನೀರಿನ ಪೈಪುಗಳನ್ನು ಹಿಸುಕಿ ನೋಡಿದ, ಗಟ್ಟಿಯಿದ್ದವು. ನೀರಿನ ಪಂಪಿನ ಕೆಳಗೆ ಬೆರಳಾಡಿಸಿದ, ಒಣಗಿತ್ತು. ರೇಡಿಯೇಟರಿನ ಮುಚ್ಚಳದ ರಬ್ಬರು ನೋಡಿದ, ಅದು ಹೋದ ತಿಂಗಳು ತಾನೇ ಹಾಕಿದ್ದು. ಆಯಿಲ್ ಕಡ್ಡಿ ಎಳೆದ. ಇಂಜಿನ್ನಿನ ಒಳಗೆ ನೀರು ಆಯಿಲ್ಲಿಗೆ ಸೇರಿದ್ದರೆ ಅದು ಮಜ್ಜಿಗೆಯ ಹಾಗೆ ಬೆಳ್ಳಗಾಗಿರಬೇಕು, ಆಗಿರಲಿಲ್ಲ. ಗಾಡಿ ಚಾಲೂ ಮಾಡಿಸಿ ಹಿಂದಿನ ಹೊಗೆ ನೋಡಿದ, ಅದರಲ್ಲೂ ಬಿಳುಪಿಲ್ಲ. ಫ್ಯಾನು ಹೊತ್ತಿಗೆ ಸರಿಯಾಗಿ ತಿರುಗಿತು. ಅಷ್ಟೊತ್ತು ಕುಬೇರಪ್ಪ ಅವನ ಹೆಗಲ ಮೇಲೆ ಗದ್ದವಿಟ್ಟಂತೆ ನಿಂತು, "ಇದನ್ನ ನೋಡಿದಿ? ಅದನ್ನ ನೋಡಿದಿ?" ಎಂದು ಜೀವ ತಿಂದ.

"ಕಾಕಾ, ಸ್ವಲ್ಪ ಉಸರಾಡಾಕ ಬಿಡ್ರಿ," ಅಂದ ಸೋಮೇಶ. "ಹೊರಗ ಎಲ್ಲೂ ಸೋರೂದಿಲ್ಲ ಅಂದ್ರ ಒಳಗ ಕುಡಿಯಾಕ ಹತ್ತೇತಿ. ನನಗ ಇಂಜಿನ್ ಹೆಡ್ ಮ್ಯಾಲ ಡೌಟ್ ಐತಿ. ಬಿಚ್ಚೇ ನೋಡಬೇಕು. ಇಷ್ಟ ಹಳೀ ಗಾಡಿ, ಬಿಚ್ಚಿದ್ರ ಜಲ್ದಿ ಆಗೂ ಕೆಲಸಲ್ಲ."

"ಹೆಡ್ ಯಾಕ ಕೆಡತೈತಿ? ಅದನ್ನ ಹೇಳು."

"ಮುಳ್ಳು ಮ್ಯಾಲ ಏರಿದ್ರೂ ಹಂಗ ಓಡಿಸಿಬಿಟ್ರ ಕೆಡತೈತ್ರಿ."

"ನಾ ಹೇಳಲಿಲ್ಲೇನು!" ಎಂದು ಕುಬೇರಪ್ಪ ಕೈ ತಟ್ಟಿದ. ತಿರುಗಿ ನೋಡಿದರೆ ಅನ್ನಪೂರ್ಣ ಬಾಗಿಲಲ್ಲೇ ನಿಂತಿದ್ದಳು.

"ಮುಳ್ಳು ಏರಿದ ಮ್ಯಾಲ ನಾ ಒಂದ ಮಾರು ಓಡಿಸಿಲ್ರಿ," ಅಂದಳು. "ಹಿಂಗ ಮಾಡ್ರಿ. ಈಗ ನೀವ ನಡಸ್ರಿ, ನಾ ಬಾಜೂಕ ಕುಂಡ್ರತೀನಿ. ನಿಮ್ಮ ಕಾಲು ಹೂವಿನಂಥಾವಲ್ಲ, ಮುಂಡರಗಿ ತನಕ ಹೋಗಿ ನೋಡೇ ಬಿಡೂಣು. ಹೆಂಗೂ ಆ ಕಡೆನ ಹೊಂಟೇವಿ, ನನ್ನ ಸಾಮಾನೂ ಖೋಲ್ಯಾಗ ಇಟ್ಟಂಗ ಆಗ್ತೈತಿ."

ಅಂದವಳೇ ಸೂಟ್‌ಕೇಸು ತಂದು ಹಿಂದಿನ ಸೀಟಿಗೆ ತಳ್ಳಿದಳು. ಮೆಕ್ಯಾನಿಕನ ಎದುರು ಒಲ್ಲೆನೆನ್ನಲು ಕುಬೇರಪ್ಪನಿಗೆ ಮಾನ ಬಿಡಲಿಲ್ಲ.

ಮದುಮಗಳನ್ನು ಕರೆದೊಯ್ಯುವಾಗಲೂ ಯಾರೂ ಅಷ್ಟು ಮೆತ್ತಗೆ ಗಾಡಿ ಓಡಿಸಿರಲಿಕ್ಕಿಲ್ಲ. ಗದಗ ದಾಟುವವರೆಗೆ ಹಿಂದಿನವರ ಹಾರ್ನು ತಿಂದ. ಆಚೆ ಹೊಲಗಳು ಶುರುವಾದ ಮೇಲೆ ಕಬ್ಬಿಣದ ಸಾಮಾನು ಹೇರಿದ ಟ್ರ್ಯಾಕ್ಟರೊಂದು ಇವನನ್ನು ಹಿಂದೆ ಹಾಕಿ ಹೋಯಿತು, ಅದರ ಮೇಲೆ ಕೂತವನು ಕೈಬೀಸಿ ನಕ್ಕ. ಕುಬೇರಪ್ಪನಿಗೆ ಯಾವುದೂ ಕಾಣಲಿಲ್ಲ. ಕಣ್ಣು ರಸ್ತೆಗೊಮ್ಮೆ, ಮುಳ್ಳಿಗೆರಡು ಸಲ. ಅನ್ನಪೂರ್ಣ ಕಿಟಕಿಯ ಹೊರಗೆ ನೋಡುತ್ತಿದ್ದಳು, ಮಾತಿಲ್ಲ ಕತೆಯಿಲ್ಲ. ಬಯ್ದಿದ್ದರೂ ಚೆನ್ನಾಗಿತ್ತು ಅನಿಸಿತು ಅವನಿಗೆ. ಮುಳ್ಳು ಏರದಿದ್ದರೆ ತಪ್ಪು ಅವಳದೇ ಎಂದು ಸಾಬೀತಾಗುತ್ತದೆ, ಅವಳು ಹೋಗುತ್ತಾಳೆ. ಏರಿದರೆ ಇವನ ಮುಖಕ್ಕೆ ಮಸಿ. ಏರಲಪ್ಪಾ ಅನ್ನಬೇಕೋ ಏರಬೇಡಪ್ಪಾ ಅನ್ನಬೇಕೋ ತಿಳಿಯದೆ ಸುಮ್ಮನೆ ಸ್ಟಿಯರಿಂಗು ಹಿಸುಕಿದ.

ಡಂಬಳ ದಾಟಿತು. ಮುಳ್ಳು ಒಂದು ಕೂದಲೆಳೆ ಅಲುಗಿತು. ಕುಬೇರಪ್ಪ ಇನ್ನೂ ನಿಧಾನಿಸಿದ. ಮುಳ್ಳು ಅವನ ನಿಧಾನಕ್ಕೆ ಕವಡೆಯ ಕಿಮ್ಮತ್ತೂ ಕೊಡದೆ ಅರ್ಧ ದಾಟಿ, ಮುಕ್ಕಾಲು ದಾಟಿ, ಕೆಂಪಿನ ಕಡೆಗೆ ಹೊರಟಿತು. ಒಂದು ಬಸ್ ಶೆಡ್ಡಿನ ಪಕ್ಕ ಬೇವಿನ ಮರವಿತ್ತು. ಅದರ ಕೆಳಗೆ ತಂದು ನಿಲ್ಲಿಸಿ ಇಂಜಿನ್ ಆರಿಸಿದ.

"ನಿಮ್ಮ ಕಾಲೂ ರುಬ್ಬುಗುಂಡನ ಆತಲ್ರಿ ಮಾವಾರ," ಅಂದಳು ಅನ್ನಪೂರ್ಣ. ನಗಲಿಲ್ಲ.

ಬಾನೆಟ್ ಎತ್ತಿದರೆ ಬಿಸಿ ಗಾಳಿ ಮುಖಕ್ಕೆ ರಾಚಿತು, ನೀರಿಗೆ ಬೆರೆಸಿದ ಕೂಲಂಟಿನ ಸಿಹಿ ವಾಸನೆ ಮೂಗಿಗೆ ಬಡಿಯಿತು. "ಮುಚ್ಚಳ ಮುಟ್ಟಬ್ಯಾಡವಾ, ಕೈ ಸುಟ್ಟ ಹೋದೀತು," ಎಂದು ಕುಬೇರಪ್ಪ ಗಾಬರಿಯಿಂದ ಅಂದ. ಅವಳು ಮುಟ್ಟಿರಲಿಲ್ಲ. ಇಬ್ಬರೂ ಸುಮ್ಮನೆ ಕಿವಿಗೊಟ್ಟು ನಿಂತರು. ಎಲ್ಲಿಂದಲೋ ಸುಂಯ್ ಎಂಬ ಸಣ್ಣ ಸದ್ದು ಬರುತ್ತಿತ್ತು.

"ನಿಂತಾಗ ಸೋರೂದಿಲ್ಲ. ಬಿಸಿ ಆಗಿ ಒಳಗ ಒತ್ತಡ ಆದಾಗಷ್ಟ ಸೋರತೈತಿ. ಕೆಳಗ ಹನಿ ಬೀಳೂದಿಲ್ಲ, ಅಂದ್ರ ಗಾಳಿಗೆ ಅಲ್ಲೇ ಆರತೈತಿ," ಅಂದಳು ಅನ್ನಪೂರ್ಣ. ಗಣಿತದವಳು, ಬೋರ್ಡಿನ ಮುಂದೆ ನಿಂತ ಹಾಗೆಯೇ ಮಾತಾಡಿದಳು. "ಗಾಳಿ ಹೊಡಿಯೂದು ಮುಂದಿಂದ. ಹಂಗಾದ್ರ ತೂತು ರೇಡಿಯೇಟರ್ ಮುಂದಿನ ಮಗ್ಗಲಾಗ ಇರಬೇಕು. ತಡೀರಿ, ಬ್ಯಾಟರಿ ಹಾಕಿ ನೋಡ್ತೀನಿ." ಫೋನಿನ ಬೆಳಕು ಹಚ್ಚಿಕೊಂಡು ಅವಳು ಗಾಡಿಯ ಮುಂದಕ್ಕೆ ಹೊರಟಳು.

ಆಗ ಕುಬೇರಪ್ಪನಿಗೆ ಧಸಕ್ಕೆಂದಿತು.

ಯಾಕೆಂದು ಹೇಳುತ್ತೇನೆ. ಅನ್ನಪೂರ್ಣ ಗಾಡಿ ಒಯ್ಯತೊಡಗಿದ ಮೊದಲ ಅಮಾವಾಸ್ಯೆಗೆ ಕುಬೇರಪ್ಪ ಮುಂದಿನ ಬಂಪರಿಗೆ ಲಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಕಟ್ಟಿದ್ದ. ವಾರದೊಳಗೆ ಅವಳು ಬಂದು, "ಶಾಲಿ ಹುಡುಗ್ರು ಲಿಂಬಿಹಣ್ಣಿನ ಟೀಚರ್ ಬಂದ್ರು ಅನ್ನಾಕ ಹತ್ತ್ಯಾರ, ಬಿಚ್ಚಿ ಒಗೀರಿ ಅದನ್ನ," ಎಂದಿದ್ದಳು. ಅವಳೆದುರಿಗೇ ಬಿಚ್ಚಿದ. ಮರುದಿನ ಅವಳಿಗೆ ಕಾಣದ ಹಾಗೆ ಮುಂದಿನ ಜಾಳಿಗೆಯ ಒಳಗಡೆ, ಹಾರ್ನಿನ ಮರೆಗೆ ಕಟ್ಟಿದ. ಅಲ್ಲಿನ ಶಾಖಕ್ಕೆ ದಾರ ನಿಲ್ಲುತ್ತಿರಲಿಲ್ಲ. ಮಗ್ಗ ಬಿಚ್ಚಿ ಮಾರಿದಾಗ ಜೀವ ತಡೆಯದೆ ಉಳಿಸಿಕೊಂಡಿದ್ದ ಉಕ್ಕಿನ ತಂತಿಗಳ ಕಟ್ಟೊಂದು ಮನೆಯಲ್ಲಿತ್ತು. ತುಕ್ಕು ಹಿಡಿಯದ, ಬಾಗಿದರೆ ಪುಟಿದು ನಿಲ್ಲುವ ತಂತಿ, ಸೂಜಿಯಷ್ಟು ಚೂಪು. ಅದರಲ್ಲೇ ಪೋಣಿಸಿ ಬಿಗಿಯುತ್ತಿದ್ದ, ಪ್ರತಿ ಅಮಾವಾಸ್ಯೆಗೆ ಕದ್ದು ಬದಲಿಸುತ್ತಿದ್ದ. ಸೋಮೇಶನ ಕಣ್ಣಿಗೂ ಅದು ಬಿದ್ದಿರಬೇಕು, ಆದರೆ ಗಾಡಿಗೆ ಕಟ್ಟಿದ ಲಿಂಬೆಹಣ್ಣನ್ನು ಯಾವ ಮೆಕ್ಯಾನಿಕ್ ಎರಡನೇ ಸಲ ನೋಡುತ್ತಾನೆ?

ಕುಬೇರಪ್ಪ ಓಡಿದ. ಅರವತ್ತು ದಾಟಿದ ಮನುಷ್ಯ ಅಷ್ಟು ಚುರುಕಾಗಿ ಓಡಬಲ್ಲನೆಂದು ಅವನಿಗೇ ಗೊತ್ತಿರಲಿಲ್ಲ. ಸೊಸೆಗಿಂತ ಮೊದಲು ಗಾಡಿಯ ಮುಂದೆ ಕುಕ್ಕರಿಸಿ, "ನೀ ಸರಿಯವಾ, ಬಿಸಿ ಹಬಿ ಬಡದೀತು, ನಾ ನೋಡ್ತೀನಿ," ಎಂದು ಬೆನ್ನು ಅಡ್ಡ ಕೊಟ್ಟ. ಜಾಳಿಗೆಯೊಳಗೆ ಬೆರಳು ಹಾಕಿ ನೋಡಿದರೆ ಒಣಗಿ ಕಪ್ಪಾದ ಲಿಂಬೆಹಣ್ಣು. ಅದರ ತಂತಿಯ ತುದಿ ರೇಡಿಯೇಟರಿನ ಪದರಿನೊಳಗೆ ನೆಟ್ಟಿತ್ತು. ನಿಂತಾಗ ಆ ತುದಿಯೇ ತೂತಿಗೆ ಬಿರಡೆಯಂತೆ ಕೂರುತ್ತಿತ್ತು. ಓಡುವಾಗ ತಗ್ಗುದಿನ್ನೆಗೆ ಕುಲುಕಿ ಕುಲುಕಿ ತೂತು ಬಾಯಿ ಬಿಡುತ್ತಿತ್ತು. ಸುತ್ತಲೂ ಹಸಿರು ಕೂಲಂಟು ಒಣಗಿ ಉಪ್ಪಿನ ಹಾಗೆ ಕಟ್ಟಿಕೊಂಡಿತ್ತು. ಕುಬೇರಪ್ಪ ಉಸಿರು ಬಿಗಿಹಿಡಿದು ತಂತಿ ಕಿತ್ತ. ಸಣ್ಣದೊಂದು ಹಬೆಯ ಎಳೆ ಬೆರಳು ಸುಟ್ಟಿತು. ಲಿಂಬೆಹಣ್ಣು, ಮೆಣಸಿನಕಾಯಿ, ತಂತಿ ಎಲ್ಲವನ್ನೂ ಮುದ್ದೆ ಮಾಡಿ ಅಂಗಿಯ ಬಗಲುಜೇಬಿಗೆ ತುರುಕಿದ.

"ಸಿಕ್ಕಿತು," ಎಂದು ಎದ್ದ. "ಖಡಿ ಬಡದೈತಿ. ಲಾರಿ ಗಾಲಿಂದ ಸಿಡಿದ ಖಡಿ ಕಲ್ಲು. ಹೆಡ್ ಇಲ್ಲ ಗಿಡ್ ಇಲ್ಲ, ಸೂಜಿ ಮೊನಿಯಷ್ಟ ತೂತು."

"ಖರೇನ್ರಿ? ಹಂಗಾದ್ರ ನನ್ನ ಕಾಲಿಂದಲ್ಲ?"

"ಅಲ್ಲವಾ, ಅಲ್ಲ."

ಅನ್ನಪೂರ್ಣ ಶೆಡ್ಡಿನ ಕಟ್ಟೆಯ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿದ್ದು ಬೆವರಷ್ಟೇ ಅಲ್ಲ ಎಂದು ಕುಬೇರಪ್ಪನಿಗೆ ಕಂಡಿತು. ಮೂರು ದಿನದಿಂದ ಇದನ್ನು ಎದೆಯಲ್ಲಿಟ್ಟುಕೊಂಡು ತಿರುಗಿದ್ದಾಳಲ್ಲ ಎಂದು ಅವನಿಗೆ ಸಂಕಟವಾಯಿತು. ಸಂಕಟದ ಜೊತೆಗೇ, ಅಬ್ಬಾ ಪಾರಾದೆ ಎಂಬ ನಿರಾಳವೂ. ಡಿಕ್ಕಿಯಿಂದ ಬಟ್ಟೆ ಸಾಬಾಣದ ತುಂಡು ತೆಗೆದು, ಹಳೆಯ ಡ್ರೈವರುಗಳ ಪದ್ಧತಿಯಂತೆ ತೂತಿಗೆ ತಿಕ್ಕಿ ತುಂಬಿದ. ಗಾಡಿ ಆರಿದ ಮೇಲೆ ನೀರು ಹಾಕಿ, ಒತ್ತಡ ಏರದ ಹಾಗೆ ಮುಚ್ಚಳವನ್ನು ಸಡಿಲವಾಗಿ ಕೂರಿಸಿದ. ನಿಧಾನವಾಗಿ ಮನೆ ಮುಟ್ಟಲು ಅಷ್ಟು ಸಾಕಿತ್ತು. ಸಿಳ್ಳೆ ಹಾಕಬೇಕು ಅನ್ನಿಸಿತು.

"ನಡಿಯವಾ, ಹೊಳ್ಳಿ ಮನಿಗೆ ಹೋಗೂಣು," ಅಂದ.

ಅನ್ನಪೂರ್ಣ ಏಳಲಿಲ್ಲ. "ಇಲ್ರಿ ಮಾವಾರ. ನಾ ವಿಚಾರ ಮಾಡಿದೆ. ಈ ರಸ್ತೇಕ ದಿನಾ ಖಡಿ ಲಾರಿ ಅಡ್ಡಾಡತಾವ. ಇವತ್ತ ಬೆಸಗಿ ಹಾಕಿಸಿದ್ರ ನಾಳಿ ಮತ್ತ ಬಡೀತೈತಿ. ನೀವು ಮತ್ತ ನನ್ನ ಮ್ಯಾಲ ಹರಿಹಾಯೋರು. ನಿಮಗೂ ಚಿಂತಿ ಬ್ಯಾಡ, ನನಗೂ ಆ ಮಾತು ಬ್ಯಾಡ. ಖೋಲಿನ ಛಲೋ."

ಹೇಳುತ್ತಾ ಎದ್ದು ಸೂಟ್‌ಕೇಸು ಇಳಿಸಿಕೊಂಡಳು. ಡಂಬಳದ ಕಡೆಯಿಂದ ಮುಂಡರಗಿಯ ಬಸ್ಸು ಬರುತ್ತಿತ್ತು. ಅವಳು ಕೈ ಮಾಡಿದಳು. ಬಸ್ಸು ನಿಂತಿತು. ಕಂಡಕ್ಟರ್ ಬಾಗಿಲು ತೆಗೆದು, "ಜಲ್ದಿ ಹತ್ರಿ ಅಕ್ಕಾರ," ಅಂದ.

ಕುಬೇರಪ್ಪ ಒಂದು ಹೆಜ್ಜೆ ಮುಂದಿಟ್ಟ. ತಾನು ಕಟ್ಟಿದ ಸುಳ್ಳೇ ಅವಳನ್ನು ಬಸ್ಸು ಹತ್ತಿಸುತ್ತಿದೆ. ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಮನೆ ಖಾಲಿಯಾಗುತ್ತದೆ. ಅವಳ ಒಂದು ಕಾಲು ಮೆಟ್ಟಿಲ ಮೇಲಿತ್ತು.

"ಅನ್ನಪೂರ್ಣಾ! ಹತ್ತಬ್ಯಾಡ!" ಎಂದು ಒದರಿದ. "ಖಡಿ ಅಲ್ಲವಾ! ನಾ ಸುಳ್ಳ ಹೇಳಿದೆ!"

ಜೇಬಿನಿಂದ ಮುದ್ದೆ ತೆಗೆದು ಅಂಗೈ ಮೇಲೆ ಹಿಡಿದ. ಬಸ್ಸಿನ ಕಿಟಕಿಗಳಿಂದ ಮಂದಿ ಇಣುಕಿದರು. ಅನ್ನಪೂರ್ಣ ಅದನ್ನೂ ನೋಡಿದಳು, ಅವನ ಮುಖವನ್ನೂ ನೋಡಿದಳು. ಕಾಲು ಕೆಳಗಿಳಿಸಿ, "ಹೋಗ್ರಿ ನೀವು," ಎಂದು ಕಂಡಕ್ಟರಿಗೆ ಹೇಳಿದಳು. ಬಸ್ಸು ಗೊಣಗಿಕೊಂಡು ಹೋಯಿತು.

"ಏನ್ರಿ ಇದು?"

"ಲಿಂಬಿಹಣ್ಣು."

"ಅದು ಕಾಣಸ್ತೈತಿ. ಎಲ್ಲಿತ್ತು?"

"ಜಾಳಗಿ ಒಳಗ. ನಿನಗ ಗೊತ್ತಾಗದಂಗ ಕಟ್ಟಿದ್ದೆ. ಮಗ್ಗದ ತಂತೀಲೆ. ಆ ತಂತಿನ ತೂತ ಮಾಡೇತಿ."

ಅವಳು ತಂತಿಯ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ, "ನೀವು ಡ್ರೈವರ್ ಇದ್ದಾಗೂ ಕಟ್ಟತಿದ್ರೇನು?" ಎಂದು ಕೇಳಿದಳು.

"ಒಂದ ಸಲಾನೂ ಇಲ್ಲ. ಕಟ್ಟೋರನ್ನ ನೋಡಿ ನಗತಿದ್ದೆ."

"ಮತ್ತ ನನಗ್ಯಾಕ? ನನ್ನ ಕೈಮ್ಯಾಲ ನಂಬಿಗಿ ಇರಲಿಲ್ಲೇನು?"

"ನೀ ಸಂಜಿಗೆ ಹೊಳ್ಳಿ ಬರೂತನಕ ನನಗ ಒಂದ ತುತ್ತು ಇಳಿಯೂದಿಲ್ಲವಾ," ಅಂದ ಕುಬೇರಪ್ಪ. "ದಿನಾ ಅಂಜಿಕಿ. ಅದಕ್ಕ ಕಟ್ಟಿದೆ."

ಅನ್ನಪೂರ್ಣಳ ಕಣ್ಣು ಒಂದು ಗಳಿಗೆ ಮೆತ್ತಗಾಯಿತು. ಆದರೆ ಅವಳು ಅಷ್ಟಕ್ಕೆ ಬಿಡುವವಳಲ್ಲ, ಬಿಡಲೂಬಾರದು. "ಅಂಜಿಕಿ ಒಳಗ ಇಟ್ಟಕೊಂಡ್ರಿ, ಬೈಗಳ ಮಾತ್ರ ನಾಲ್ಕ ಮಂದಿ ಮುಂದ ಬೈದ್ರಿ. ಅತ್ತ್ಯಾರು ನಕ್ಕರು. ನಿಮ್ಮ ಮಗ ಸುಮ್ಮನ ರೊಟ್ಟಿ ತಿಂದ್ರು. ಈಗ ಅವರಿಗೆ ಹೇಳ್ರಿ. ಇಲ್ಲೇ, ನನ್ನ ಮುಂದ."

ಕುಬೇರಪ್ಪ ಮನೆಗೆ ಫೋನು ಹಚ್ಚಿದ. ಎತ್ತಿದವಳು ಇನ್ನೂ ಊರಿಗೆ ಹೋಗದೆ ಉಳಿದಿದ್ದ ಫಕ್ಕೀರವ್ವ. ಅವಳಿಗೆ ಫೋನಿನಲ್ಲಿ ಮಾತು ಕೇಳಿಸಬೇಕಾದರೆ ಗಂಟಲು ಹರಿಯಬೇಕು.

"ಅಕ್ಕಾ, ಗಾಡಿ ಕೆಟ್ಟದ್ದು ಆಕಿಂದಲ್ಲ!"

"ಏನು? ಯಾರದು?"

"ನಂದು! ತಪ್ಪು ನಂದು! ನಾನ ತಂತಿ ಕಟ್ಟಿ ತೂತ ಮಾಡೇನಿ! ಸುಭಾಸಗೂ ಹೇಳು! ಆಕಿ ಕಾಲು ಛಲೋ ಅದಾವು, ನನ್ನ ಬಾಯಿನ ಛಲೋ ಇಲ್ಲ!"

ಶೆಡ್ಡಿನಲ್ಲಿ ಕೂತಿದ್ದ ಮುದುಕನೊಬ್ಬ ಎದ್ದು ನಿಂತು ನೋಡತೊಡಗಿದ. ಆಚೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಕತ್ತೆತ್ತಿದರು. ಫೋನಿನಿಂದ ಫಕ್ಕೀರವ್ವನ ದನಿ ಸ್ಪಷ್ಟವಾಗಿ ಬಂತು.

"ಅದನ್ನ ನನಗ್ಯಾಕ ಒದರಾಕ ಹತ್ತೀಯೋ? ನನಗೇನ ಅಂದಿದ್ದೇನ ನೀನು? ಆಕಿಗೆ ಹೇಳು."

ಫೋನು ಇಟ್ಟೇಬಿಟ್ಟಳು. ಕುಬೇರಪ್ಪ ಸೊಸೆಯ ಕಡೆ ತಿರುಗಿದ. ಇಡೀ ರಸ್ತೆಗೆ ಕೇಳುವ ಹಾಗೆ ಒದರಿದ ಗಂಟಲಿನಲ್ಲಿ ಈಗ ದನಿಯೇ ಇರಲಿಲ್ಲ.

"ತಪ್ಪಾತವಾ," ಅಂದ. "ಹೋಗಬ್ಯಾಡ."

ಅನ್ನಪೂರ್ಣ ಸೂಟ್‌ಕೇಸು ಎತ್ತಿ ಹಿಂದಿನ ಸೀಟಿಗೆ ಇಟ್ಟಳು, ಬಾಗಿಲು ಹಾಕಿದಳು, ಚಾವಿಗಾಗಿ ಕೈ ಚಾಚಿದಳು.

"ಬೆಟಗೇರ್ಯಾಗ ರೇಡಿಯೇಟರ್ ಬೆಸಗಿ ಹಾಕೋರು ರವಿವಾರ ಇರ್ತಾರೇನ್ರಿ?" ಎಂದು ಕೇಳಿದಳು. "ನಾಳಿ ಮುಂಜಾನೆ ಏಳಕ್ಕ ನಾ ಮನಿ ಬಿಡಬೇಕು."

ಕುಬೇರಪ್ಪ ಚಾವಿ ಕೊಟ್ಟು, ಎಡಗಡೆಯ ಬಾಗಿಲು ತೆಗೆದು ಕೂತ.